ಒಂದು ಹಲ್ಲು ಕಮ್ಮಿ

ಹಗಲು ನಾನು ಹಲ್ಲು ಜೋಡಿಸುತ್ತೇನೆ.
ದಾವಣಗೆರೆ, ಪಿ.ಜೆ. ಬಡಾವಣೆಯ ಹಿಂದಿನ ಸಂದಿ,
ಮೆಟ್ಟಿಲ ಕೆಳಗೆ ಆರಡಿ ಎಂಟಡಿ ಲ್ಯಾಬು.
ಡಾಕ್ಟರು ಕಳಿಸಿದ ಅಚ್ಚಿಗೆ ಗುಲಾಬಿ ವಸಡು,
ವಸಡಿಗೆ ಇಪ್ಪತ್ತೆಂಟು.
ಮಾಡಿದವನ ಹೆಸರು ಯಾರೂ ಕೇಳುವುದಿಲ್ಲ,
ಕಚ್ಚಿದರೆ ಸಾಕು.

ರಾತ್ರಿ ಎಂಟರ ಮೇಲೆ
ಅದೇ ದೀಪ, ಅದೇ ಮೇಣ ಕೆತ್ತುವ ಚಾಕು,
ಹೆಬ್ಬೆರಳುದ್ದದ ಪಿಶಾಚಿಗಳು.

ಕೊಂಡು ತಂದ ಸೈನಿಕ ತೀರ ಚೆಲುವ:
ಎದೆ ಸೆಟೆದಿದೆ, ಮೂಗು ನೆಟ್ಟಗೆ,
ಮದುವೆ ಆಲ್ಬಮ್ಮಿನ ಗಂಡು.
ಮೊದಲು ಅವನ ಕುತ್ತಿಗೆಗೆ ಗರಗಸ.
ಆ ಜಾಗಕ್ಕೆ ರಬ್ಬರ್ ಹಲ್ಲಿಯ ತಲೆ,
ಎಡತೋಳಿಗೆ ಏಡಿಯ ಕೊಂಡಿ, ನಿಜವಾದ್ದೇ,
ಹರಿಹರದ ಹೊಳೆದಂಡೆಯಲ್ಲಿ ಸಿಕ್ಕಿದ್ದು.
ಸಂದುಗೊಂದಿಗೆಲ್ಲ ಪುಟ್ಟಿ ಕಲಸಿ
ಎಂಜಲು ಹಚ್ಚಿದ ಬೆರಳಲ್ಲಿ ತೀಡಿ
ಕರುಳು ಎಳೆಯುತ್ತೇನೆ, ಶಾವಿಗೆ ಹೊಸೆದ ಹಾಗೆ.

"ಇಷ್ಟ್ಯಾಕಲೇ ಅಸಹ್ಯ?" ಅನ್ನುತ್ತಾನೆ ದಾದಾಪೀರ,
ಎದುರು ಸೇನೆಯ ದಂಡನಾಯಕ,
ಹಗಲು ಹಳೆ ಬಸ್ ನಿಲ್ದಾಣದ ಬಳಿ ನಕಲಿ ಕೀಲಿ ಕಡಿಯುವವ.
ಅವನ ಇಲಿಪಡೆಯ ಈಟಿಗಳೆಲ್ಲ
ಕಡಿದು ಕೆಟ್ಟ ಕೀಲಿಗಳೇ.
ಹಗಲೆಲ್ಲ ಸಮ ಮಾಡುತ್ತೇನಲ್ಲ ಮಾರಾಯ,
ಎಡಬಲ ಒಂದೇ ಅಳತೆ, ಕೂದಲೆಳೆ ತಪ್ಪಿದರೂ ವಾಪಸ್ಸು;
ರಾತ್ರಿ ಒಂದಾದರೂ ಸೊಟ್ಟ ಬೇಡವೇ?

ಬಣ್ಣವೆಂದರೆ ಮೊದಲು ಪೂರ್ತಿ ಕಪ್ಪು.
ಆಮೇಲೆ ಒಣ ಕುಂಚ; ಮುಕ್ಕಾಲು ಬಣ್ಣ ರದ್ದಿಗೆ ಒರೆಸಿ
ಹಗುರ ಸವರಿದರೆ
ಪಕ್ಕೆಲುಬು ತಾನಾಗಿ ಎದ್ದು ಬರುತ್ತದೆ.
ಕೀವಿಗೆ ಹಳದಿಯಲ್ಲ, ಅದಕ್ಕೊಂದು ಚಿಟಿಕೆ ಹಸಿರು.
ತುಕ್ಕಿಗೆ ಇಟ್ಟಿಗೆ ಪುಡಿ.
ಕಾಲ ಕೆಳಗಿನ ನೆಲಕ್ಕೆ ಮಂಡಕ್ಕಿ ಭಟ್ಟಿಯ ಬೂದಿ,
ರಣರಂಗಕ್ಕೆ ಇದಕ್ಕಿಂತ ಒಳ್ಳೆ ಮಣ್ಣಿಲ್ಲ.
ಕಣ್ಣು ಕೊನೆಗೆ. ಮೂರು ಕೂದಲ ಕುಂಚ, ಉಸಿರು ಬಿಗಿಹಿಡಿದು.
ಅಷ್ಟರಲ್ಲಿ ಓಣಿಯಲ್ಲಿ ಲಾರಿ ಹೋದರೆ
ದೆವ್ವಕ್ಕೂ ಮೆಳ್ಳೆಗಣ್ಣು.

ಈ ಸಲ ದೊಡ್ಡದೊಂದು ಬೇಕಿತ್ತು.
ಕಪಾಟಿನಲ್ಲಿ ಎಂಟು ತಿಂಗಳಿಂದ ಒಂದು ಡಬ್ಬಿ:
ಹಾಲಸ್ವಾಮಯ್ಯ, ಮೇಲೆ ಕೆಳಗೆ, ಅಡ್ವಾನ್ಸ್ ಬಂದಿದೆ.
ಹಾಲಸ್ವಾಮಯ್ಯ ಬರಲಿಲ್ಲ. ಇನ್ನು ಬರುವುದಿಲ್ಲವೆಂದು
ಕಾಂಪೌಂಡರ್ ಹೇಳಿದ್ದ.
ಒಂದು ದವಡೆಹಲ್ಲು ಬಿಡಿಸಿದೆ.
ಅದರ ನಾಲ್ಕು ಉಬ್ಬು ಮೃಗದ ಗೂನಿಗೆ ಸರಿಹೊಂದಿತು,
ಸುತ್ತ ವಸಡು, ಗುಲಾಬಿ,
ನನಗೆ ಎಂದೂ ಕೈಕೊಡದ ಒಂದೇ ಬಣ್ಣ.

ಬುಧವಾರ ಅವರ ಹೆಂಡತಿ ಬಂದರು, ಕೈಯಲ್ಲಿ ಚೀಟಿ.
"ದುಡ್ಡು ವಾಪಸ್ ಬ್ಯಾಡ, ಹಲ್ಲು ಕೊಡ್ರಿ."
ನಿಂತಲ್ಲೇ ಎಣಿಸಿದರು,
ಮಿಲ್ಲಿನಲ್ಲಿ ಕದಿರು ಎಣಿಸಿದ ಬೆರಳು.
"ಇಪ್ಪತ್ತೇಳು."
ನಾನೊಂದು ಸುಳ್ಳು ಹುಡುಕುತ್ತಿದ್ದೆ.
ಅವರ ಕಣ್ಣು ದೀಪದ ಕೆಳಗೆ ಒಣಗುತ್ತಿದ್ದುದರ ಮೇಲೆ ಬಿತ್ತು.
ಎತ್ತಿದರು, ಕನ್ನಡಕ ಹಣೆಗೇರಿಸಿ ಮೂಗಿನ ತನಕ ತಂದರು.
ಬಣ್ಣ ಇನ್ನೂ ಹಸಿ, ಹೆಬ್ಬೆರಳಿಗೆ ಒಂದಿಷ್ಟು ಕೀವು ಹತ್ತಿತು.
"ಇದು ಏನು ತಿಂತೈತಿ?"
"ಇಲಿ, ಅಮ್ಮ. ದಾಳ ನಾಲ್ಕರ ಮೇಲೆ ಬಿದ್ದರೆ."
ತುಸು ಹೊತ್ತು ಸುಮ್ಮನಿದ್ದರು.
"ಇರ್ಲಿ ಬಿಡು. ಅವರಿಗೆ ಕಡೀಕೆ ಗಂಜಿ ಬಿಟ್ರ ಏನೂ ಇಳೀಲಿಲ್ಲ.
ಇದಾರ ತಿನ್ಲಿ."
ಇಪ್ಪತ್ತೇಳನ್ನು ಸೆರಗಿಗೆ ಗಂಟು ಹಾಕಿಕೊಂಡು ಹೋದರು.
ಏನು ಮಾಡುತ್ತಾರೆಂದು ನಾನು ಕೇಳಲಿಲ್ಲ.

ಭಾನುವಾರ, ಕೇರಂ ಬೋರ್ಡಿನ ಮೇಲೆ ಯುದ್ಧ.
ಮೊದಲ ದಾಳಕ್ಕೆ ಒಂದು. ಎರಡನೆಯದಕ್ಕೂ ಒಂದು.
ಹತ್ತೊಂಬತ್ತು ಇಲಿಗಳು ಮುತ್ತಿ ಗೂನನನ್ನು ಕೆಡವಿದವು,
ದಾದಾಪೀರ ಕುರ್ಚಿ ಹತ್ತಿ ಕುಣಿದ.
ಎತ್ತಿಕೊಂಡು ದೀಪಕ್ಕೆ ಹಿಡಿದೆ:
ಏಡಿಗೈ ಮುರಿದಿದೆ, ಹಲ್ಲಿತಲೆ ವಾಲಿದೆ,
ಒಂದು ಕಣ್ಣು ಹಾರಿಹೋಗಿದೆ.
ಉಗುರು ಹಾಕಿ ನೋಡಿದೆ,
ಹಲ್ಲು ಅಲ್ಲಾಡಲಿಲ್ಲ.